ಮಾವನ ಕತ್ತಿ, ಅಪ್ಪನ ಗಡ್ಡ

ನಮ್ಮ ಮಾವನ ಎಡ ಮುಂಗೈ ಮೇಲೆ ಕೂದಲೇ ಇಲ್ಲದ ಒಂದು ಜಾಗವಿತ್ತು. ಉಳಿದ ತೋಳೆಲ್ಲ ದಟ್ಟ ಕೂದಲು. ಮಣಿಕಟ್ಟಿನ ಮೇಲ್ಗಡೆ ಮಾತ್ರ ಒಂದು ವೀಳ್ಯದೆಲೆಯಷ್ಟು ಅಗಲಕ್ಕೆ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಕತ್ತಿ ಮಸೆದಾದ ಮೇಲೆ ಅದರ ಹದ ನೋಡುತ್ತಿದ್ದದ್ದು ಅಲ್ಲಿಯೇ. ಉಗುಳು ಸವರಿ ಒಂದು ಸಲ ಎಳೆದರೆ ಆ ದಿನದ ಕತ್ತಿ ಹೇಗಿದೆ ಎಂದು ಅವರಿಗೆ ತಿಳಿದುಬಿಡುತ್ತಿತ್ತು. ಜೀವಮಾನವೆಲ್ಲ ಹಾಗೆ ಎಳೆಯುತ್ತಿದ್ದರಿಂದ ಅಲ್ಲಿ ಕೂದಲಿಗೆ ತಲೆ ಎತ್ತಲು ಪುರಸೊತ್ತೇ ಇರಲಿಲ್ಲ.

ವೀಳ್ಯದೆಲೆಯಷ್ಟು ಎಂದು ಬರೆದೆ. ನನ್ನ ಹೆಂಡತಿ ಇದನ್ನು ಓದಿ, "ಅಪ್ಪನ ಕೈಯಲ್ಲಿ ಅಷ್ಟಗಲ ಎಲ್ಲಿತ್ತು? ಬೆಂಕಿಪೊಟ್ಟಣದಷ್ಟು ಇತ್ತು" ಎಂದಳು. ಅವಳದೇ ಸರಿಯಿರಬೇಕು. ಈ ಕಥೆಯಲ್ಲಿ ವೀಳ್ಯದೆಲೆ ಮುಂದೆ ಬರುತ್ತದೆ. ನನ್ನ ನೆನಪು ಅದನ್ನು ಮೊದಲೇ ಎತ್ತಿ ಅವರ ಕೈ ಮೇಲೆ ಇಟ್ಟುಬಿಟ್ಟಿರಬಹುದು. ನಾನು ಇತಿಹಾಸ ಪಾಠ ಮಾಡುವವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಪೂರ್ತಿ ನಂಬಬೇಡಿ ಎಂದು ಕಾಲೇಜಿನಲ್ಲಿ ಹೇಳಿಕೊಡುತ್ತೇನೆ. ಇಲ್ಲಿ ಆ ಒಬ್ಬನೇ ಸಾಕ್ಷಿ ನಾನೇ.

ಮಾವ ಕ್ಷೌರಿಕರು. ಮನೆ ಮಾಂಬಳ್ಳಿಯಲ್ಲಿ, ಎರಡು ಕುರ್ಚಿಯ ಅಂಗಡಿ ಕೊಳ್ಳೇಗಾಲದಲ್ಲಿ. ನಾವು ಕೊಳ್ಳೇಗಾಲದ ರೇಷ್ಮೆ ನೇಯುವವರು. ಅವರ ಮಗಳೂ ನಾನೂ ಮೈಸೂರಿನಲ್ಲಿ ಓದುವಾಗ ಮೆಚ್ಚಿಕೊಂಡೆವು. ಎರಡೂ ಮನೆಗಳಲ್ಲಿ ಬೇಕಾದಷ್ಟು ಜಗಳವಾಗಿ, ಬೇಕಾದಷ್ಟು ದಿನ ಮಾತು ನಿಂತು, ಕೊನೆಗೆ ಮದುವೆಗೆ ಒಪ್ಪಿದರು. ಮದುವೆಯಾದ ಮೇಲೆ ನಾವಿಬ್ಬರೂ ಕೊಳ್ಳೇಗಾಲದಲ್ಲೇ ಬೇರೆ ಮನೆ ಮಾಡಿದೆವು.

ಅವರು ಸೇಡಿನ ಮನುಷ್ಯ. ಇದನ್ನು ಸತ್ತವರ ಬಗ್ಗೆ ಬರೆಯುವುದು ಸರಿಯಲ್ಲ ಎನ್ನುವವರಿದ್ದಾರೆ. ಆದರೆ ಇದನ್ನು ಬಿಟ್ಟರೆ ಅವರ ಮುಖವೇ ಉಳಿಯುವುದಿಲ್ಲ. ತಮ್ಮನ್ನು ಯಾರು ಯಾವಾಗ ಏನೆಂದರು ಎಂಬುದನ್ನು ಅವರು ಗಿರಾಕಿಗಳ ಮುಖಗಳ ಮೇಲೆ ಗುರುತಿಟ್ಟುಕೊಳ್ಳುತ್ತಿದ್ದರು. ಒಂದು ಸಲ ಅಂಗಡಿಯ ಬೆಂಚಿನ ಮೇಲೆ ನಾನು ಕೂತಿದ್ದಾಗ ಹನೂರು ಕಡೆಯ ಒಬ್ಬ ದೊಡ್ಡ ಮೀಸೆಯ ಜಮೀನುದಾರರು ಎದ್ದು, ಕನ್ನಡಿಯಲ್ಲಿ ಮೀಸೆ ತಿರುವಿ ನೋಡಿಕೊಂಡು ಹೋದರು. ಅವರು ಮೆಟ್ಟಿಲಿಳಿದ ಮೇಲೆ ಮಾವ ಮೆಲ್ಲಗೆ ಹೇಳಿದರು:

"ಎಡಗಡೆ ಮೀಸೆ ನೋಡುದ್ರಾ? ಒಂದು ನೂಲು ಗಿಡ್ಡ."

"ಕೈ ತಪ್ಪಿತಾ ಮಾವ?"

"ನನ್ ಕೈ ತಪ್ತದಾ? ಅವ್ರಪ್ಪ ಒಂದಿನ ಅವ್ರ ಮನೆ ಜಗಲಿಯಿಂದ ನನ್ನ ಎಬ್ಬಿಸಿ ಕಳುಸ್ದ. ಅವತ್ತಿಂದ ಅಪ್ಪಂದೂ ಒಂದು ನೂಲು ಗಿಡ್ಡ, ಈಗ ಮಗಂದೂ ಗಿಡ್ಡ. ಊರೆಲ್ಲ ಮೀಸೆ ತಿರುವ್ಕೊಂಡು ಓಡಾಡ್ತರೆ, ಪಾಪ."

ಯಾರ ಕಣ್ಣಿಗೂ ಬೀಳದ ಸೇಡು. ಅದರಿಂದ ಏನು ಸುಖ ಎಂದು ಕೇಳಿದೆ. "ನಂಗೊತ್ತಲ್ಲ, ಸಾಕು" ಎಂದರು. ರಕ್ತ ಬರಿಸುವುದನ್ನು ಮಾತ್ರ ಅವರು ಹೇಸುತ್ತಿದ್ದರು. "ಕುಯ್ದು ಸೇಡು ತೀರುಸ್ಕೊಳೋನು ದಡ್ಡ. ಒಂದು ಗೆರೆ ರಕ್ತ ಬಂದ್ರೆ ಅವನು ಗೆದ್ದ, ನಾನು ಸೋತೆ."

ಈಗ ನಮ್ಮ ನಿಶ್ಚಿತಾರ್ಥದ ದಿನಕ್ಕೆ ಬರುತ್ತೇನೆ. ಮಾಂಬಳ್ಳಿಯ ಅವರ ಮನೆಯ ನಡುಮನೆಯಲ್ಲಿ ನಮ್ಮ ಕಡೆಯವರೆಲ್ಲ ಕೂತಿದ್ದರು. ತಟ್ಟೆಯಲ್ಲಿ ಹಣ್ಣು, ಹೂವು, ವೀಳ್ಯದೆಲೆ, ಅಡಿಕೆ. ತಾಂಬೂಲ ಬದಲಾಯಿಸಿಕೊಂಡರೆ ಮಾತು ಮುಗಿದಂತೆ. ನಮ್ಮ ಕಡೆ ಮದುವೆಯ ಗಂಡಿಗೆ ಕ್ಷೌರ ಮಾಡಿದವರಿಗೂ ತಾಂಬೂಲ ಕೊಡುವುದು ಪದ್ಧತಿ, ಓಲಗ ಊದಿದವರಿಗೂ. ಮಾವನ ಕಡೆಯವರು ಕ್ಷೌರದ ಜೊತೆಗೆ ಓಲಗವನ್ನೂ ಊದುವವರು. ಮಾವ ತಟ್ಟೆ ಎತ್ತಿ ನಮ್ಮಪ್ಪನ ಕಡೆ ನೀಡಿದಾಗ, ನಮ್ಮ ಕಡೆಯಿಂದ ಒಂದು ದನಿ ಬಂತು:

"ಬೀಗರೇ, ಕತ್ತೀನೂ ನಿಮ್ದೇ, ಓಲಗಾನೂ ನಿಮ್ದೇ, ಹೆಣ್ಣೂ ನಿಮ್ದೇ. ಒಂದೇ ತಾಂಬೂಲಕ್ಕೆ ಮೂರೂ ಮುಗಿದೋಯ್ತು ಬಿಡಿ!"

ನಮ್ಮ ಕಡೆಯವರು ನಕ್ಕರು. ಮಾವನ ಕೈಯಲ್ಲಿ ತಟ್ಟೆ ಅಲುಗಲಿಲ್ಲ. ಆಮೇಲೆ ಕಾಫಿ ಬಂತು. ಅಪ್ಪ ಲೋಟ ಮುಟ್ಟಲಿಲ್ಲ. "ಗ್ಯಾಸ್ಟ್ರಿಕ್ಕು" ಎಂದು ಹೊಟ್ಟೆ ಸವರಿಕೊಂಡರು. ಅಪ್ಪನಿಗೆ ಗ್ಯಾಸ್ಟ್ರಿಕ್ ಇರಲಿಲ್ಲ. ಮಗ್ಗದ ಮುಂದೆ ಕೂತು ಹೊತ್ತಿಗೊಂದು ಲೋಟ ಕಾಫಿ ಕುಡಿಯುವವರು ಅವರು.

ಆ ದನಿ ಯಾರದು? ನನ್ನ ನೆನಪಿನಲ್ಲಿ ಅದು ಅಪ್ಪನದು. ಅವರ ತುಟಿ ಅಲುಗುವುದು ಕೂಡ ಕಾಣುತ್ತದೆ. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡ ನನ್ನ ಹೆಂಡತಿ, ಅದು ನನ್ನ ಚಿಕ್ಕಪ್ಪನದು ಎನ್ನುತ್ತಾಳೆ. ಬಹಳ ದಿನದ ಮೇಲೆ ಮಾವನನ್ನೇ ಕೇಳಿದೆ.

"ಯಾರ ಬಾಯಿಂದ ಬಂತು ಅನ್ನೋದು ನಂಗ್ ಬ್ಯಾಡ" ಎಂದರು. "ಯಾರು ನಕ್ರು ಅನ್ನೋದು ನೋಡ್ದೆ. ನಿಮ್ಮಪ್ಪ ನಕ್ಕ."

"ನಾನು?"

"ನೀವು ತಟ್ಟೇಲಿದ್ದ ಬಾಳೆಹಣ್ಣು ನೋಡ್ತಿದ್ರಿ."

ಬಾಳೆಹಣ್ಣು ನನಗೆ ನೆನಪಿಲ್ಲ. ಆದರೆ ಅವರು ಮುಖಗಳನ್ನು ನೋಡುವ ವಿಷಯದಲ್ಲಿ ತಪ್ಪುವವರಲ್ಲ.

ಮದುವೆಯಾದ ವರ್ಷ ದೀಪಾವಳಿಗೆ ಮಾಂಬಳ್ಳಿಗೆ ಕರೆದರು. ಎಣ್ಣೆ ನೀರಾಯಿತು. ಹೊಸ ಪಂಚೆ ಉಟ್ಟು ಕೂತಾಗ ಮಾವ ಕೆಂಪು ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದು ನನ್ನ ಮುಂದಿಟ್ಟರು. ಅಳಿಯನಿಗೆ ಉಂಗುರ ಕೊಡುವ ಹಬ್ಬ. ಬಿಚ್ಚಿದರೆ ಮಡಿಚುವ ಕತ್ತಿ, ಕೊಂಬಿನ ಹಿಡಿಯದು, ಅವರ ತಂದೆಯ ಕಾಲದ್ದು. ಈಗ ಅಂಗಡಿಗಳಲ್ಲೆಲ್ಲ ಬ್ಲೇಡು ಮುರಿದು ಸಿಕ್ಕಿಸುವ ಕತ್ತಿ. ಒಬ್ಬರಿಗೆ ಒಂದು ಬ್ಲೇಡು, ಬಿಸಾಕುವುದು. ಇಂಥ ಪೂರಾ ಕತ್ತಿ ಹಿಡಿಯುವವರು ಊರಲ್ಲೇ ಇಲ್ಲ.

"ಉಂಗುರ ಬೆರಳಿಗೆ ಭಾರ, ಅಳಿಯಂದ್ರೇ. ಇದು ತಕಳಿ. ಸುಮ್ನೆ ಅಲ್ಲ, ಕಲುತ್ಕಂಡು ತಕಬೇಕು."

ನನಗೆ ಕಣ್ಣಲ್ಲಿ ನೀರೇ ಬಂದಿತ್ತು. ಗಂಡುಮಕ್ಕಳಿಲ್ಲದ ಮನುಷ್ಯ ತನ್ನ ವಿದ್ಯೆಯನ್ನು ಅಳಿಯನಿಗೆ ಕೊಡುತ್ತಿದ್ದಾನೆ ಎಂದುಕೊಂಡೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಹೆಂಡತಿ ಕಿಟಕಿಯಾಚೆ ನೋಡುತ್ತಾ ಹೇಳಿದಳು: "ಅಪ್ಪ ಕಲಿಸೋದು ನಿಮಗೆ. ಪಾಠ ಮಾತ್ರ ನಿಮ್ಮಪ್ಪನಿಗೆ." ನನಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗಿತ್ತೇನೋ; ಆದರೂ ಕಲಿಯುವುದನ್ನು ನಾನು ಬಿಡಲಿಲ್ಲ.

ಪಾಠ ಮಂಗಳವಾರ ಸಂಜೆ, ಅಂಗಡಿಗೆ ರಜೆ ಇರುವ ದಿನ. ಅವರು ಮಂಗಳವಾರ ಯಾರ ಮುಖಕ್ಕೂ ಕತ್ತಿ ಇಡುತ್ತಿರಲಿಲ್ಲ. ಆದ್ದರಿಂದ ನನಗೆ ಬೂದುಗುಂಬಳಕಾಯಿ. ಪಕ್ಕದೂರು ಅಗರದ ಹೊಲದಿಂದ ಯಾರೋ ಗಿರಾಕಿ ತಂದುಕೊಡುತ್ತಿದ್ದ ಎಳೆಯ ಕಾಯಿ, ಮೈಮೇಲೆಲ್ಲ ಸಣ್ಣ ಮುಳ್ಳುಗೂದಲು. ಅದಕ್ಕೆ ಬಿಸಿನೀರಿನ ಬಟ್ಟೆ ಸುತ್ತಿ, ಬ್ರಶ್ಶಿನಿಂದ ಸೋಪು ನೊರೆ ಬರಿಸಿ, ಹಸಿರು ಸಿಪ್ಪೆಗೆ ಒಂದು ಗೀರೂ ಬೀಳದಂತೆ ಕೂದಲನ್ನು ತೆಗೆಯಬೇಕು. ಗೀರು ಬಿದ್ದ ಕಾಯಿ ಅಂದಿನ ಸಾರಿಗೆ. ಮೊದಮೊದಲು ಆ ಮನೆಯಲ್ಲಿ ಮಂಗಳವಾರವೆಂದರೆ ಬೂದುಗುಂಬಳದ ಸಾರೇ.

ಕತ್ತಿ ನನ್ನ ಕೈಗೆ ಬಂದ ಕೂಡಲೇ 'ಅಳಿಯಂದ್ರೇ' ಹೋಗಿ 'ಲೇ' ಬರುತ್ತಿತ್ತು. ಮಡಿಚಿಟ್ಟ ಕೂಡಲೇ ಮತ್ತೆ 'ಅಳಿಯಂದ್ರೇ, ಊಟಕ್ಕೆ ಏಳಿ.'

ಮೊದಲು ಮಸೆಯುವುದು. ತೊಗಲಿನ ಪಟ್ಟಿಯನ್ನು ಕಿಟಕಿ ಸರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿದು, ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು, ಬಾಯಿಯ ಮೇಲಲ್ಲ; ತಪ್ಪಿದರೆ ತೊಗಲೂ ಹೋಯಿತು, ಕತ್ತಿಯೂ ಹೋಯಿತು. ಹದ ನೋಡಲು ಅವರಿಗೆ ಮುಂಗೈ ಇತ್ತು. ನನಗೆ ಹೇಳಿದರು, "ನಿಮ್ಮಪ್ಪನ ಮಗ್ಗದಿಂದ ಒಂದು ಎಳೆ ತಕಂಬಾ." ಮಗ್ಗದ ಕೆಳಗೆ ಬಿದ್ದ ರೇಷ್ಮೆ ನೂಲು ತಂದುಕೊಟ್ಟೆ. ಎರಡು ಬೆರಳಲ್ಲಿ ಇಳಿಬಿಟ್ಟು ಹಿಡಿದರು. ನಾನು ಕತ್ತಿ ತಾಗಿಸಿದೆ. ಅದು ತಾಗಿದ್ದಷ್ಟೇ, ಅರ್ಧ ಎಳೆ ನೆಲಕ್ಕೆ ಬಿತ್ತು. ಆಗ ಅವರ ಮುಖದಲ್ಲಿ ಬಂದ ಬೆಳಕು ಗುರುವಿನದಲ್ಲ. ಅದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಕೋನ. "ಕತ್ತಿ ನಿಂತ್ರೆ ಕುಯ್ತದೆ, ಪೂರಾ ಮಲಗಿದ್ರೆ ಜಾರ್ತದೆ ಕಣ್ಲಾ. ಬೆನ್ನಿಗೂ ಕೆನ್ನೆಗೂ ಮಧ್ಯ ಎರಡು ನಾಣ್ಯ ತೂರೋವಷ್ಟು ಸಂದು ಇರ್ಲಿ." ಎಡಗೈಯಿಂದ ಚರ್ಮವನ್ನು ಮೇಲಕ್ಕೆ ಎಳೆದು ಬಿಗಿ ಮಾಡಬೇಕು, ಮೊದಲು ಕಿವಿಯ ಕೆಳಗಿನ ಚಪ್ಪಟೆ ಜಾಗ, ಕೂದಲು ಬೆಳೆದ ದಿಕ್ಕಿಗೇ ಹೋಗಬೇಕು, ಎಳೆತ ಚಿಕ್ಕದಿರಬೇಕು, ಕತ್ತಿಯನ್ನು ಎಂದೂ ಅಡ್ಡಕ್ಕೆ ಜಾರಿಸಬಾರದು, ಗದ್ದ ಮತ್ತು ಮೂಗಿನ ಕೆಳಗು ಕೊನೆಗೆ, ಅಷ್ಟರಲ್ಲಿ ನೊರೆ ಅಲ್ಲಿನ ಗಟ್ಟಿ ಕೂದಲನ್ನು ಮೆತ್ತಗೆ ಮಾಡಿರುತ್ತದೆ. ಒತ್ತಬಾರದು, ಕತ್ತಿಯ ತೂಕವೇ ಸಾಕು.

"ಕಣ್ಣಲ್ಲಿ ನೋಡ್ಕೊಂಡು ಮಾಡೋನು ಅರ್ಧ ಕೆಲ್ಸದೋನು. ಕಿವಿ ಕೊಡ್ಲಾ. ಹುಳ ಸೊಪ್ಪು ತಿನ್ನೋ ಸದ್ದು ಬರ್ಬೇಕು."

ರೇಷ್ಮೆಹುಳುವಿನ ಮನೆಗೆ ಹೋದವರಿಗೆ ಆ ಸದ್ದು ಗೊತ್ತು. ತಟ್ಟೆಯ ತುಂಬ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವಾಗ ಬರುವ ಸರಸರ. ಕತ್ತಿ ಸರಿಯಾಗಿ ಮಲಗಿದ್ದರೆ ಅದೇ ಸದ್ದು. ಎದ್ದರೆ ಕಿರ್ರೆನ್ನುತ್ತದೆ. ಮಾವ ಗೋಡೆ ಕಡೆ ಮುಖ ಮಾಡಿ ಎಲೆಯಡಿಕೆ ಜಗಿಯುತ್ತಾ ಕೂತಿರುತ್ತಿದ್ದರು, ಬೆನ್ನ ಹಿಂದೆ ನಾನು ಕುಂಬಳಕಾಯಿಯ ಜೊತೆ. ಕಿರ್ರೆಂದ ಕೂಡಲೇ, "ಕತ್ತಿ ಎದ್ದದೆ. ಮಲಗ್ಸು" ಎನ್ನುತ್ತಿದ್ದರು.

ಕಾಯಿಯಿಂದ ನನ್ನ ಕೆನ್ನೆಗೆ ಬರುವ ಹೊತ್ತಿಗೆ ಮತ್ತೊಂದು ದೀಪಾವಳಿ ಕಳೆದಿತ್ತು. ಇಷ್ಟು ದಿನ ಯಾಕೆ ಎಂದು ಒಮ್ಮೆ ಕೇಳಿದೆ. ಅವರ ಉತ್ತರ ಆಗ ನನಗೆ ತಮಾಷೆ ಎನಿಸಿತ್ತು: "ಏನ್ ಅವಸ್ರ? ಗಡ್ಡ ದಿನಾ ಬೆಳೀತದೆ."

ನಮ್ಮಪ್ಪನ ಗಡ್ಡದ ವಿಷಯ ಇಲ್ಲಿ ಹೇಳಬೇಕು. ಅವರು ಗಡ್ಡ ಬಿಟ್ಟವರಲ್ಲ. ಮಗ್ಗದಿಂದ ಇಳಿದ ಸೀರೆಯನ್ನು ಅವರು ಕಣ್ಣಿನಿಂದ ನೋಡಿದ ಮೇಲೆ, ಮಡಿಕೆ ಬಿಚ್ಚಿ ಕೆನ್ನೆಗೆ ಒತ್ತಿ ಎಳೆಯುತ್ತಿದ್ದರು. ಬೆರಳಿಗೆ ತಿಳಿಯದ ಗಂಟು ಕೆನ್ನೆಗೆ ತಿಳಿಯುತ್ತದೆ. ಆ ಕೆನ್ನೆ ಒಪ್ಪದ ಸೀರೆ ನಮ್ಮ ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಒರಟು ಗಡ್ಡವಿದ್ದರೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ದಿನ ಬಿಟ್ಟು ದಿನ ಕ್ಷೌರ, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯಲ್ಲಿ. ಅಲ್ಲಿಗೆ ಹೋಗಲು ಮಾವನ ಅಂಗಡಿಯ ಮುಂದೆಯೇ ಹಾಯಬೇಕು. ಬೀಗರಾದ ಮೇಲೂ ಅಪ್ಪ ಒಂದು ದಿನವೂ ಅಲ್ಲಿ ನಿಲ್ಲಲಿಲ್ಲ. ಮಾವ ಬಾಗಿಲಲ್ಲಿ ನಿಂತು ಟವೆಲ್ ಕೊಡವುತ್ತಿದ್ದರು. ಅಪ್ಪ ಆ ಹೊತ್ತಿಗೆ ಸರಿಯಾಗಿ ಎದುರುಗಡೆಯ ಬೋರ್ಡು ಓದುತ್ತಿದ್ದರು.

ಹೀಗಿರುವಾಗ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋಯಿತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಮಾತು ತೊದಲಾಯಿತು. ಎಡಗೆನ್ನೆ ಜೋತುಬಿತ್ತು. ಬಲಗೆನ್ನೆ ಮಾತ್ರ ಮೊದಲಿನ ಹಾಗೇ. ನೇಯ್ಗೆ ಚಿಕ್ಕಪ್ಪನ ಪಾಲಿಗೆ ಬಂತು. ಆದರೆ ಸೀರೆ ಒಪ್ಪುವ ಕೆಲಸವನ್ನು ಅಪ್ಪ ಬಿಡಲಿಲ್ಲ. ಅದೊಂದೇ ಅವರಿಗೆ ಉಳಿದದ್ದು.

ಸುದ್ದಿ ಹೇಳಲು ಹೋದಾಗ ಮಾವ ಪಟ್ಟಿಯ ಮೇಲೆ ಕತ್ತಿ ಆಡಿಸುತ್ತಿದ್ದರು. ನಿಲ್ಲಿಸಲಿಲ್ಲ. ಕೊನೆಗೆ ಅಂದರು: "ದೇವ್ರು ಮಧ್ಯ ಕೈ ಆಕ್ಬಾರ್ದಾಗಿತ್ತು. ಅವನು ನಡ್ಕೊಂಡು ಬಂದು ನನ್ ಕುರ್ಚೀಲಿ ಕುಂತ್ಕಬೇಕಿತ್ತು."

ಅಪ್ಪ ಅಂಗಡಿಗೆ ಹೋಗುವಂತಿಲ್ಲವಾದ್ದರಿಂದ ಯಾರಾದರೂ ಮನೆಗೆ ಬಂದು ಕ್ಷೌರ ಮಾಡಬೇಕಾಯಿತು. ಚಿಕ್ಕಪ್ಪ ಹೋಗಿ ಕೇಳಿದರು. ಬಸ್ ಸ್ಟ್ಯಾಂಡಿನ ಅಂಗಡಿಯವನು ಕೈ ಮುಗಿದ: "ನಮ್ದೇನೂ ತಕರಾರಿಲ್ಲ ಸಾ. ಆದ್ರೆ ಅದು ನಿಮ್ ಬೀಗ್ರ ವಾಡ್ಕೆ ಮನೆ ಅಲ್ವಾ?" ಇನ್ನೊಬ್ಬರದೂ ಅದೇ ಮಾತು. ಆಗ ನಮ್ಮ ಮನೆಯವರಿಗೆ ತಿಳಿದದ್ದು: ಅಂಗಡಿಗೆ ಬಂದವರಿಗೆ ಯಾರು ಬೇಕಾದರೂ ಕ್ಷೌರ ಮಾಡಬಹುದು; ಮನೆಗೆ ಹೋಗಿ ಮಾಡುವ ಹಕ್ಕು ಮಾತ್ರ ಆ ಮನೆಯ ವಾಡಿಕೆಯವರದು, ಎಂದರೆ ಆ ಮನೆಗೆಂದೇ ಗೊತ್ತಾದ ಕ್ಷೌರಿಕರದು. ನಮ್ಮ ಮದುವೆಯಾದ ವಾರದಲ್ಲೇ ಮಾವ ತಮ್ಮವರ ನಡುವೆ ಹೇಳಿಬಿಟ್ಟಿದ್ದರಂತೆ, "ಮಗಳನ್ನ ಕೊಟ್ಟ ಮನೆ. ಇನ್ಮೇಲೆ ಅದು ನನ್ ವಾಡ್ಕೆ." ಕೇಳಿದವರೆಲ್ಲ ಅದನ್ನು ಪ್ರೀತಿ ಎಂದುಕೊಂಡಿದ್ದರು. ಅವರು ಎಲ್ಲರಿಗಿಂತ ಹಿರಿಯರು, ಮಾತು ಮೀರುವವರಿಲ್ಲ. ಊರಿಗೆ ಹೊಸದಾಗಿ ಬಂದ ಎ.ಸಿ. ಸಲೂನಿನಿಂದ ಹಿಂದಿ ಮಾತಾಡುವ ಕೆಲಸಗಾರನೊಬ್ಬನನ್ನು ಚಿಕ್ಕಪ್ಪ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು. ಅವನು ನಮ್ಮ ಹೊಸ್ತಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಫೋನು ಬಂತು. "ಓನರ್ ಬುಲಾಯಾ", ಓನರ್ ಕರೆದರು, ಎಂದು ಹಾಗೇ ತಿರುಗಿ ನಡೆದ.

ಚಿಕ್ಕಪ್ಪನೇ ಅಂಗಡಿಯಲ್ಲಿ ಸಿಗುವ ರೇಜರ್ ತಂದು ಪ್ರಯತ್ನಿಸಿದರು. ಜೋತುಬಿದ್ದ ಕೆನ್ನೆ ರೇಜರಿಗೆ ಸಿಕ್ಕಿ ಎರಡು ಕಡೆ ಕುಯ್ದುಹೋಯಿತು. ಅಪ್ಪ ಬಲಗೈಯಿಂದ ನೀರಿನ ಚೆಂಬನ್ನು ಬೀಸಿ ಎಸೆದರು. ಅಲ್ಲಿಗೆ ಅದು ಮುಗಿಯಿತು.

ಕೊನೆಗೆ ಚಿಕ್ಕಪ್ಪ ಮಾವನ ಅಂಗಡಿಗೇ ಬಂದರು. ನಾನು ಬೆಂಚಿನ ಮೇಲಿದ್ದೆ. ಮಾವ ಯಾರದೋ ಕಿವಿಯ ಹಿಂದೆ ಕತ್ತಿ ಆಡಿಸುತ್ತಿದ್ದರು, ಕೂದಲೆಳೆಯಷ್ಟೂ ಅಲುಗದ ಕೈ.

"ಬೀಗರೇ, ನೀವೇ ಒಂದ್ಸಲ ಮನೆಗೆ ಬಂದ್ರೆ..."

"ಬರ್ಬೋದಿತ್ತು ಕಣ್ರಿ. ವಯಸ್ಸಾಯ್ತು ನೋಡಿ, ಕೈ ನಡುಗ್ತದೆ" ಎಂದರು ಮಾವ, ಕತ್ತಿ ನಿಲ್ಲಿಸದೆ. "ನನ್ ಬದ್ಲು ಅಳಿಯಂದ್ರು ಬತ್ತರೆ. ಗಂಡುಮಕ್ಕಳಿಲ್ದಿದ್ರೆ ವಾಡ್ಕೆ ಅಳಿಯಂದೇ. ಚೆನ್ನಾಗಿ ಕಲ್ತವ್ರೆ. ಏನ್ ಅಳಿಯಂದ್ರೇ?"

ಚಿಕ್ಕಪ್ಪ ನನ್ನ ಕಡೆ ನೋಡಿದರು. ಮಂಗಳವಾರಗಳೆಲ್ಲ ಏಕೆಂದು ಆ ಬೆಂಚಿನ ಮೇಲೆ ನನಗೆ ಪೂರ್ತಿ ತಿಳಿಯಿತು. ಮೊದಲೇ ತಿಳಿದಿತ್ತು ಎಂದು ಹೆಂಡತಿ ಈಗಲೂ ವಾದಿಸುತ್ತಾಳೆ.

ಅಪ್ಪ ಒಪ್ಪಲಿಲ್ಲ. "ಗಡ್ಡ ಮೊಣಕಾಲಿಗೆ ಬರ್ಲಿ. ನನ್ ಮಗ ಈ ಮನೇಲಿ ಆ ಕೆಲಸ ಮಾಡೋದು ಬೇಡ" ಎಂದು ತೊದಲಿದರು. 'ಆ ಕೆಲಸ' ಎನ್ನುವಾಗ ಮಾತ್ರ ತೊದಲಲಿಲ್ಲ. ಬಿಳಿ ಗಡ್ಡ ಬೆಳೆಯಿತು. ಸೀರೆಗಳನ್ನು ಹಣೆಗೆ ಒತ್ತಿ ನೋಡಿದರು; ಹಣೆಗೆ ಏನೂ ತಿಳಿಯಲಿಲ್ಲ. ಮಡಿಚಿದ ಸೀರೆಗಳು ಬೀರುವಿನಲ್ಲಿ ಒಪ್ಪಿಗೆಗೆ ಕಾದು ಕೂತವು. ಚಿಕ್ಕಪ್ಪ "ನಾನೇ ನೋಡಿ ಕಳಿಸಿಬಿಡ್ತೀನಿ ಬಿಡಣ್ಣ" ಎಂದ ದಿನ ಅಪ್ಪ ಊಟ ಮಾಡಲಿಲ್ಲ.

ಮದುವೆಯ ಒಂದು ಸೀರೆ ಇಳಿಯಿತು, ಅಂಚು ತುಂಬ ಜರಿ. ಅಪ್ಪ ತಡೆಯಲಾಗದೆ ಅದನ್ನು ಕೆನ್ನೆಗೆ ಒತ್ತಿಕೊಂಡರು. ತೆಗೆಯುವಾಗ ಗಡ್ಡಕ್ಕೆ ಸಿಕ್ಕಿ ಒಂದು ಎಳೆ ಬೆರಳಿನುದ್ದ ಎದ್ದು ಬಂತು. ನಾನು ಅಲ್ಲಿರಲಿಲ್ಲ, ಅಮ್ಮ ಹೇಳಿದ್ದು. ಅಪ್ಪ ಆ ಎಳೆಯನ್ನು ಬಲಗೈ ಬೆರಳಿನಿಂದ ಒತ್ತಿ ಒಳಗೆ ಕೂರಿಸಲು ನೋಡಿದರಂತೆ. ಆಮೇಲೆ, "ಅವನನ್ನ ಕರಿ" ಎಂದರಂತೆ.

ಭಾನುವಾರ ಬೆಳಿಗ್ಗೆ ನಾನೂ ಹೆಂಡತಿಯೂ ಹೋದೆವು. ಮಾವ ಕರೆಯದೆಯೇ ಜೊತೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಆದರೆ ಹೊಸ್ತಿಲು ದಾಟಲಿಲ್ಲ. ಹೊರಗೆ ಜಗಲಿಯ ಮೇಲೆ ಗೋಡೆಗೆ ಒರಗಿ, ಬೀದಿಗೆ ಮುಖ ಮಾಡಿ ಕೂತರು. ಬಾಗಿಲು ತೆರೆದೇ ಇತ್ತು.

ಅಪ್ಪನನ್ನು ಮಗ್ಗದ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಬಿಸಿ ಬಟ್ಟೆ, ನೊರೆ. ಅವರು ಕಣ್ಣು ಮುಚ್ಚಿಕೊಂಡರು. ಬಲಗೆನ್ನೆ ಸುಲಭವಾಗಿ ಆಯಿತು. ಎಡಗೆನ್ನೆಗೆ ಬಂದಾಗ ಚರ್ಮ ಕೈಗೆ ಸಿಗದೆ ಜಾರುತ್ತಿತ್ತು. ಮಗ್ಗದ ಹಾಸಿನ ನೂಲು ಎಷ್ಟು ಬಿಗಿಯಿರಬೇಕು, ಎಷ್ಟಕ್ಕೆ ತುಂಡಾಗುತ್ತದೆ ಎಂಬುದು ನೇಯುವವರ ಮನೆಯಲ್ಲಿ ಹುಟ್ಟಿದವರ ಬೆರಳಿಗೆ ಗೊತ್ತಿರುತ್ತದೆ. ಹಾಗೆ ಎಳೆದು ಹಿಡಿದೆ. ಕತ್ತಿ ಇಟ್ಟೆ. ಕಿರ್ರೆಂದಿತು.

"ಕತ್ತಿ ಎದ್ದದೆ. ಮಲಗ್ಸು."

ಹೊರಗಿನಿಂದ ಬಂದ ದನಿ, ಬೀದಿಗೆಲ್ಲ ಕೇಳುವಷ್ಟು ದೊಡ್ಡದು. ಅಪ್ಪ ಕಣ್ಣು ತೆರೆದರು. ನಾನು ಕತ್ತಿಯನ್ನು ಮಲಗಿಸಿದೆ. ಸರಸರ ಸದ್ದು ಬಂತು. ಗದ್ದದ ಹತ್ತಿರ ಮತ್ತೆ ಕಿರ್ರೆಂದಿತು.

"ಮಲಗ್ಸ್ಲಾ! ಕುಂಬ್ಳಕಾಯಿ ಅಂದ್ಕೊ!"

ಎದುರು ಮನೆಯ ಜಗಲಿಯಲ್ಲಿ ಯಾರೋ ನಕ್ಕರು. ಅಪ್ಪನ ಬಲಗೈ ಕುರ್ಚಿಯ ಹಿಡಿಯನ್ನು ಹಿಸುಕಿತು. ಕತ್ತಿ ಗಂಟಲಿನ ಮೇಲಿದ್ದಾಗ ನನಗೆ ಏನನ್ನಿಸಿತು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಏನೂ ಅನ್ನಿಸಲಿಲ್ಲ. ಸದ್ದು ಕೇಳುತ್ತಿದ್ದೆ, ಅಷ್ಟೆ.

ಮುಖ ಒರೆಸಿದೆ. ಒಂದು ಗೆರೆ ರಕ್ತವೂ ಇರಲಿಲ್ಲ. ಅಪ್ಪ ಬಲಗೈ ಬೆರಳ ಹಿಂಭಾಗದಿಂದ ಕೆನ್ನೆ ಸವರಿದರು. ಸೀರೆಗೆ ಕೈ ಚಾಚಿದರು. ಅಮ್ಮ ಕೊಟ್ಟಳು. ಕೆನ್ನೆಗೆ ಒತ್ತಿ ಎಳೆದರು. ಜರಿಯಂಚು ನೀರಿನ ಹಾಗೆ ಜಾರಿ ಬಂತು. ಇನ್ನೊಂದು ಸಲ ಎಳೆದರು. ಎರಡನೆಯದು ಪರೀಕ್ಷೆಗಲ್ಲ ಎನಿಸಿತು ನನಗೆ.

"ಆಯ್ತಾ?" ಹೊರಗಿನಿಂದ.

"ಆಯ್ತು ಮಾವ."

"ಅಂಗಾರೆ ಪಡಿ ಈಸ್ಕೊ. ವಾಡ್ಕೆಯೋನು ಬರೀಗೈಲಿ ಓಗ್ಬಾರ್ದು."

ಪಡಿ ಎಂದರೆ ಮನೆಗೆ ಬಂದು ಕ್ಷೌರ ಮಾಡಿದವರಿಗೆ ಮೊರದಲ್ಲಿ ಕೊಡುವ ಅಕ್ಕಿ, ತೆಂಗಿನಕಾಯಿ, ತಾಂಬೂಲ. ಕೊಡುವವರು ಒಳಗೆ, ತೆಗೆದುಕೊಳ್ಳುವವರು ಹೊಸ್ತಿಲಾಚೆ. ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದರು. ಅಪ್ಪ ಕೈ ಎತ್ತಿ ಅವರನ್ನು ಸುಮ್ಮನಿರಿಸಿ, ಅಮ್ಮನಿಗೆ ಅಂದರು: "ಮೊರ ತಾ."

ನಾನು ಹೊಸ್ತಿಲಾಚೆ ಇಳಿದು ನಿಂತೆ. ಕುರ್ಚಿಯನ್ನು ಬಾಗಿಲವರೆಗೆ ಎಳೆದರು. ನಮ್ಮಪ್ಪ, ಒಂದೇ ಕೈಯಲ್ಲಿ, ತಮ್ಮ ಮಗನ ಕಡೆ ಮೊರವನ್ನು ನೂಕಿದರು. ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ. ಒಂದೇ ತಾಂಬೂಲ.

ನನಗೆ ಅವಮಾನವಾಗಬೇಕಿತ್ತು. ಆದದ್ದು ಬೇರೆ. ನಿಶ್ಚಿತಾರ್ಥದ ದಿನ ಬಾಗಿಲ ಮರೆಯಲ್ಲಿ ನಿಂತು ನಗು ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಈಗ ಬಿಸಿನೀರಿನ ಚೆಂಬು ಹಿಡಿದು ನಡುಮನೆಯಲ್ಲಿ ತಲೆ ಎತ್ತಿ ನಿಂತಿದ್ದಳು. ಅದನ್ನು ನೋಡಿ ನನಗೆ ಒಂದು ಬಿಸಿಯಾದ ಖುಷಿ ಆಯಿತು. ಅದು ಒಳ್ಳೆಯ ಖುಷಿಯಲ್ಲ. ಆದರೂ ಅದನ್ನು ಈಗಲೂ ಬಿಟ್ಟುಕೊಡಲಾರೆ.

ಆ ಗಳಿಗೆಯಲ್ಲಿ ಮಾವನ ಮುಖ ಹೇಗಿತ್ತು? ನನ್ನ ಬೆನ್ನು ಅವರ ಕಡೆಗಿತ್ತು. ಅಮ್ಮ, "ನಗ್ತಿದ್ರು ಕಣೋ, ಹಲ್ಲು ಬಿಟ್ಕೊಂಡು" ಎನ್ನುತ್ತಾಳೆ. ಹೆಂಡತಿ, "ಇಲ್ಲ, ಬೀದಿ ನೋಡ್ತಾ ಕೂತಿದ್ರು" ಎನ್ನುತ್ತಾಳೆ. ಇಬ್ಬರೂ ಸುಳ್ಳು ಹೇಳುವವರಲ್ಲ.

ಅಮ್ಮ ಜಗಲಿಗೆ ಕಾಫಿ ತಂದಿಟ್ಟಳು. ಮಾವ ಲೋಟವನ್ನು ನೋಡಿ ಹೊಟ್ಟೆ ಸವರಿಕೊಂಡರು.

"ಗ್ಯಾಸ್ಟ್ರಿಕ್ಕು ಕಣ್ರವ್ವ."

ಕಾಫಿ ಕೆನೆಗಟ್ಟಿತು. ಬಸ್ಸಿನಲ್ಲಿ ಮಾಂಬಳ್ಳಿಗೆ ಹೋಗುವಾಗ ನಾನು ಕೇಳಿದೆ, "ತೀರ್ತಾ ಮಾವ?"

"ಎಲ್ಲಿ ತೀರ್ತದೆ? ನಾಡಿದ್ದು ಮತ್ತೆ ಬೆಳೆದಿರ್ತದೆ."

ಮಂಗಳವಾರ ಬಿಟ್ಟು ಬುಧವಾರ ಮತ್ತೆ ಬಂದರು. ಅದಾದ ಮೇಲೂ. ನಾನು ಒಳಗೆ, ಅವರು ಜಗಲಿಯ ಮೇಲೆ, ನಡುವೆ ತೆರೆದ ಬಾಗಿಲು. ಪ್ರತಿ ಸಲವೂ ಪಡಿ, ಪ್ರತಿ ಸಲವೂ ಆರಿದ ಕಾಫಿ. ಅಮ್ಮ ಒಮ್ಮೆಯೂ ಕಾಫಿ ತಪ್ಪಿಸಲಿಲ್ಲ. ಬರಬರುತ್ತ ಒಳಗಿನಿಂದ ಕಿರ್ರೆನ್ನುವುದು ನಿಂತಿತು, ಹೊರಗಿನಿಂದ ಮಾತು ನಿಂತಿತು. ಆದರೂ ಅವರು ಬರುವುದು ನಿಲ್ಲಲಿಲ್ಲ. ಒಂದು ದಿನ ಜ್ವರವೆಂದು ಬರಲಿಲ್ಲ. ಅಪ್ಪ ಕ್ಷೌರದ ನಡುವೆ ಕಣ್ಣು ತೆರೆದು ಬಾಗಿಲ ಕಡೆ ನೋಡಿ, "ಎಲ್ಲಿ?" ಎಂದರು. ಕಾಳಜಿಯಿಂದ ಕೇಳಿದರೋ, ಗೆದ್ದೆನೆಂದು ಕೇಳಿದರೋ, ತೊದಲು ಮಾತಿನಲ್ಲಿ ತಿಳಿಯಲಿಲ್ಲ.

ಹೋದ ವರ್ಷ ಮಾವ ತೀರಿಕೊಂಡರು. ಮಂಗಳವಾರ, ಮುಚ್ಚಿದ ಅಂಗಡಿಯೊಳಗೆ, ಗಿರಾಕಿಗಳ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ್ದರು. ಮಾಂಬಳ್ಳಿಗೆ ತಂದೆವು. ಅವರ ಮನೆಯಲ್ಲಿ ಸತ್ತವರಿಗೆ ಸ್ನಾನ ಮಾಡಿಸುವ ಮೊದಲು ಮುಖ ಮಾಡುವ, ಎಂದರೆ ಗಡ್ಡ ತೆಗೆಯುವ, ಪದ್ಧತಿ. ಮಂಗಳವಾರ ಕತ್ತಿ ಇಡುವಂತಿಲ್ಲ. ಹಾಗಾಗಿ ಬುಧವಾರದವರೆಗೆ ಕಾದೆವು. ಮಗಳಿಗೆ ಮೊದಲೇ ಹೇಳಿಟ್ಟಿದ್ದರಂತೆ: "ನನ್ ಮುಖ ಅಳಿಯ ಮಾಡ್ಲಿ. ನೇಯೋರೆಲ್ಲ ಬಂದು ನಿಂತು ನೋಡ್ಲಿ." ಸತ್ತ ಮೇಲಕ್ಕೂ ಸೇಡಿನ ಒಂದು ಎಳೆ ಉಳಿಸಿಕೊಂಡಿದ್ದರು.

ಕೊಳ್ಳೇಗಾಲ, ಯಳಂದೂರಿನ ಅಂಗಡಿಗಳವರೆಲ್ಲ ಬಂದಿದ್ದರು. ನನಗಿಂತ ನೂರು ಪಾಲು ಚೆನ್ನಾಗಿ ಮಾಡಬಲ್ಲವರು ಸುತ್ತ ಕೈಕಟ್ಟಿ ನಿಂತಿದ್ದರು. ಅಷ್ಟರಲ್ಲಿ ಆಟೋ ಬಂತು. ಚಿಕ್ಕಪ್ಪ ಅಪ್ಪನನ್ನು ಇಳಿಸಿ, ತಂದಿದ್ದ ಕುರ್ಚಿಯಲ್ಲಿ ಕೂರಿಸಿದರು, ಹೆಣದ ತಲೆಯ ಹತ್ತಿರ. ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಪಕ್ಕದ ಮನೆಯವರು ಕಾಫಿ ಮಾಡಿ ತಂದಿದ್ದರು. ನನ್ನ ಹೆಂಡತಿ ಅತ್ತು ಊದಿದ ಮುಖದಲ್ಲೇ ಒಂದು ಲೋಟ ತಂದು ಅಪ್ಪನ ಮುಂದೆ ಹಿಡಿದಳು.

ಅಪ್ಪ ಲೋಟ ನೋಡಿದರು. ಮಲಗಿದ್ದ ಬೀಗರನ್ನು ನೋಡಿದರು. ಬಲಗೈ ಹೊಟ್ಟೆಯ ಮೇಲೆ ಹೋಯಿತು.

"ಗ್ಯಾ... ಸ್ಟ್ರಿಕ್ಕು" ಎಂದರು. ಬಾಯಿಯ ಬಲಗಡೆ ಮಾತ್ರ ಸ್ವಲ್ಪ ಮೇಲೆದ್ದಿತು.

ಹೆಂಡತಿ ಲೋಟವನ್ನು ಅಲ್ಲೇ ಕುರ್ಚಿಯ ಪಕ್ಕ ಇಟ್ಟಳು. ಅಳುತ್ತಿದ್ದವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆ ಸೆರಗಿನ ಹಿಂದೆ ಏನಿತ್ತೋ ನಾನು ಕೇಳಿಲ್ಲ.

ನಾನು ಕೂತೆ. ಕೊಂಬಿನ ಹಿಡಿಯ ಕತ್ತಿ ಬಿಚ್ಚಿದೆ. ನೊರೆ ಹಚ್ಚಿದ ಕೆನ್ನೆ ತಣ್ಣಗೆ, ಬಿಗಿಯಾಗಿತ್ತು. ಎಳೆದು ಹಿಡಿಯುವುದೇ ಬೇಕಿರಲಿಲ್ಲ. ಕಣ್ಣು ಮಂಜಾಗಿತ್ತು. ಕಿವಿಯ ಕೆಳಗಿನ ಚಪ್ಪಟೆ ಜಾಗದಲ್ಲಿ ಕತ್ತಿ ಇಟ್ಟು ಎಳೆದೆ. ಕಿರ್ರೆಂದಿತು. ಅಷ್ಟು ಜನ ಕತ್ತಿಯವರ ಮುಂದೆ, ಆ ನಿಶ್ಶಬ್ದದಲ್ಲಿ, ಎಲ್ಲರಿಗೂ ಕೇಳಿಸಿತು. ತಿದ್ದಬೇಕಾದವರು ಮಲಗಿದ್ದರು.

ಆಗ ಹಿಂದಿನಿಂದ, ತೊದಲುತ್ತಾ, ಆದರೆ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ, ನಮ್ಮಪ್ಪನ ದನಿ ಬಂತು:

"ಕತ್ತಿ ಎದ್ದದೆ. ಮಲಗ್ಸು."

ಮಲಗಿಸಿದೆ. ಹುಳು ಸೊಪ್ಪು ತಿನ್ನುವ ಸದ್ದು ಬಂತು.